ಅಗ್ಘವಣಿಯನ್ನು ಎಲ್ಲಿ ಸೋಸಬೇಕು?

ಅಷ್ಟಾವರಣಗಳಲ್ಲಿ ಪಾದೋದಕಕ್ಕಿರುವ ಸ್ಥಾನವನ್ನು ಸದ್ಭಕ್ತರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಲಿಂಗಾರ್ಚನೆಯ ಅಗ್ಘವಣಿಯನ್ನು ಶುಭ್ರವಾದ ಬಟ್ಟೆಯಲ್ಲಿ ಸೋಸಿ ತುಂಬಿಕೊಳ್ಳುವುದು ನಮ್ಮ ಹಿರಿಯರ ಆಚಾರ. ಆದರೆ ಬಟ್ಟೆ ತಡೆಯುವುದು ಕಸಕಡ್ಡಿಯನ್ನು, ಹುಳುವನ್ನು. ನೀರಿನಲ್ಲಿ ಕರಗಿದ ಸಾಬೂನನ್ನಾಗಲಿ, ಮೈಲುತುತ್ತವನ್ನಾಗಲಿ, ಶೌಚದ ಸೂಕ್ಷ್ಮಜೀವಿಗಳನ್ನಾಗಲಿ ಅದು ತಡೆಯಲಾರದು. ಆದ್ದರಿಂದ ಸೋಸುವ ಕಾರ್ಯವು ಕೊಡದ ಬಾಯಿಂದ ಹಳ್ಳದ ಬಾಯಿಗೆ ಸಾಗಬೇಕಾಗಿದೆ.

ಅಘನಾಶಿನಿಯನ್ನೇ ನೋಡೋಣ. ಅದರ ಒಂದು ಕವಲು ಹುಟ್ಟುವುದು ಶಿರಸಿ ಪಟ್ಟಣದ ಶಂಕರಹೊಂಡದಲ್ಲಿ. ಇನ್ನೊಂದು ಬರುವುದು ಮಂಜುಗುಣಿಯ ಕಡೆಯಿಂದ. ಎರಡೂ ಕೂಡಿ, ಸಿದ್ದಾಪುರ ತಾಲೂಕಿನ ಉಂಚಳ್ಳಿಯಲ್ಲಿ ಧುಮುಕಿ, ಕುಮಟಾ ತಾಲೂಕಿನಲ್ಲಿ ಕಡಲನ್ನು ಸೇರುತ್ತವೆ. ಪಾಪವನ್ನು ಕಳೆಯುವವಳೆಂದು ಹೆಸರು ಪಡೆದ ನದಿಯ ಮೂಲ ಜನವಸತಿಯ ನಡುವಿದೆ! ಮನೆಯ ಹಿಂದಿನ ಬಚ್ಚಲ ನೀರನ್ನು ಬಾಳೆಯ ಬುಡಕ್ಕೆ ಬಿಡುತ್ತಿದ್ದ ಪದ್ಧತಿ ಹೋಗಿ, ಎಲ್ಲವನ್ನೂ ಚರಂಡಿಗೆ ಬಿಡುವುದು ರೂಢಿಯಾದ ಮೇಲೆ, ಇಂತಹ ಮೂಲಗಳಿಗೆ ಭಯ ತಪ್ಪಿದ್ದಲ್ಲ.

ಕೊಳಚೆ ಹೊಳೆಗೆ ಬಿದ್ದರೆ ಆಗುವುದೇನು? ಅದನ್ನು ಕೊಳೆಯಿಸುವ ಜೀವಾಣುಗಳು ನೀರಿನಲ್ಲಿರುವ ಆಮ್ಲಜನಕವನ್ನು ಕಬಳಿಸುತ್ತವೆ. ಮೀನುಗಳು ಉಸಿರುಗಟ್ಟಿ ಸಾಯುತ್ತವೆ. ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಆಮ್ಲಜನಕ ಕರಗಿರಬೇಕೆಂಬುದು ಸರ್ಕಾರದ ಮಾನದಂಡ. ಜಲಮಾಲಿನ್ಯ ತಡೆಯ ಕಾಯಿದೆ ಬಂದುದು 1974ರಲ್ಲಿ. ಕಾಯಿದೆಯು ಕಾರ್ಖಾನೆಯ ಕೊಳವೆಯನ್ನು ಹಿಡಿಯಬಲ್ಲದು, ಪ್ರತಿ ಮನೆಯ ಬಚ್ಚಲನ್ನು ಹಿಡಿಯುವುದು ಕಷ್ಟ.

ಮಲೆನಾಡಿನಲ್ಲಿ ಇನ್ನೊಂದು ಸಂಗತಿಯುಂಟು. ಕೊಳೆರೋಗದಿಂದ ಅಡಿಕೆಯನ್ನು ಕಾಯಲು ಮಳೆಗಾಲದಲ್ಲಿ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವುದು ಅನಿವಾರ್ಯ. ರೈತನನ್ನು ದೂರಿ ಪ್ರಯೋಜನವಿಲ್ಲ. ಆದರೆ ಪೀಪಾಯಿಯನ್ನು ಹಳ್ಳದಲ್ಲಿಯೇ ತೊಳೆಯುವುದು, ಉಳಿದ ದ್ರಾವಣವನ್ನು ಅಲ್ಲಿಯೇ ಚೆಲ್ಲುವುದು ಅನಿವಾರ್ಯವಲ್ಲ. ತಾಮ್ರವು ಜಲಚರಗಳಿಗೆ ವಿಷ. ತೋಟದ ಮೇಲಿನ ಸೊಪ್ಪಿನ ಬೆಟ್ಟವನ್ನು ಬೋಳು ಮಾಡಿದರೂ ಅಷ್ಟೇ: ಮೊದಲ ಮಳೆಗೆ ಮಣ್ಣು ಕೊಚ್ಚಿ ಹೊಳೆ ಕೆಂಪಾಗುತ್ತದೆ. 1983ರಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ನಿಂತಾಗ ಅವರು ನೀರನ್ನೂ ಕಾಯುತ್ತಿದ್ದರು.

ಇಲ್ಲಿ ಬಿಟ್ಟದ್ದು ಇಲ್ಲಿಯೇ ನಿಲ್ಲುವುದಿಲ್ಲ. ಅಘನಾಶಿನಿಯ ಅಳಿವೆಯಲ್ಲಿ ಚಿಪ್ಪಿ ಆಯ್ದು ಅನೇಕ ಕುಟುಂಬಗಳು ಬದುಕುತ್ತಿವೆ. ನಮಗೆ ಆ ಆಹಾರ ವರ್ಜ್ಯವಿರಬಹುದು. ಅವರಿಗೆ ಅದು ಕಾಯಕ. ಚಿಪ್ಪಿಯ ಜೀವಿಯು ನೀರನ್ನು ಸೋಸಿಯೇ ಉಣ್ಣುತ್ತದೆ, ನೀರಿನ ವಿಷವನ್ನು ಒಡಲಲ್ಲಿ ಇಟ್ಟುಕೊಳ್ಳುತ್ತದೆ. ಆ ಅಳಿವೆಗೆ 2024ರಲ್ಲಿ ರಾಮ್ಸಾರ್ ತಾಣವೆಂಬ ಅಂತಾರಾಷ್ಟ್ರೀಯ ಮನ್ನಣೆ ದೊರೆತಿದೆ.

ಶಿರಸಿ ತಾಲೂಕಿನ ಶಾಲ್ಮಲೆಯ ಪಾತ್ರದಲ್ಲಿರುವ ಸಹಸ್ರಲಿಂಗಗಳಿಗೆ ಮಹಾಶಿವರಾತ್ರಿಯಂದು ಭಕ್ತಸಮೂಹ ಹೋಗುತ್ತದೆ. ಅಲ್ಲಿಯ ನೀರು ಮುಂದೆ ಬೇಡ್ತಿಯನ್ನು ಸೇರಿ ಕಡಲಿಗೆ ಸಾಗುವುದು. ಬರುವ ಶಿವರಾತ್ರಿಗೆ ಹೊರಡುವವರು ಸಾಬೂನನ್ನು ಮನೆಯಲ್ಲಿ ಬಿಟ್ಟು, ಹೂವು ಬಿಲ್ವಗಳನ್ನು ಬಟ್ಟೆಯ ಚೀಲದಲ್ಲಿ ಒಯ್ದು, ನಿರ್ಮಾಲ್ಯವನ್ನು ಅದೇ ಚೀಲದಲ್ಲಿ ಹಿಂದಕ್ಕೆ ತಂದು ಗಿಡದ ಬುಡಕ್ಕೆ ಹಾಕಲಿ.