ಸ್ವೆಟರ್ ಬೇಡದ ಊರಿನ ಸ್ವೆಟರ್ ವ್ಯಾಪಾರ

ಉತ್ತರ ಕನ್ನಡದ ಮುಂಡಗೋಡದಲ್ಲಿ ಸ್ವೆಟರ್ ಹಾಕುವಷ್ಟು ಚಳಿ ಬೀಳುವುದೇ ಅಪರೂಪ. ಆದರೂ ದೀಪಾವಳಿ ಹತ್ತಿರ ಬಂತೆಂದರೆ ಇಲ್ಲಿನ ಟಿಬೆಟನ್ ಕ್ಯಾಂಪುಗಳಿಂದ ಜನ ಸ್ವೆಟರ್ ಮಾರಲು ಹೊರಡುತ್ತಾರೆ. ಹಿಂದೆ ಉಳಿಯುವವರು ಅಜ್ಜ, ಅಜ್ಜಿ, ಶಾಲೆಯ ಮಕ್ಕಳು, ಮಠದ ಭಿಕ್ಷುಗಳು. ಬಯಲುಸೀಮೆಯವರು ಗುಳೆ ಹೋದಂತೆಯೇ ಇದೂ. ಕೂಲಿಯ ಬದಲು ವ್ಯಾಪಾರ, ಅಷ್ಟೇ.

1966ರಲ್ಲಿ ಸರ್ಕಾರ ಇಲ್ಲಿ ಜಾಗ ಕೊಟ್ಟಾಗ ಟಿಬೆಟನ್ ನಿರಾಶ್ರಿತರಿಗೆ ಗೊತ್ತಿದ್ದುದು ಹಿಮದ ನಾಡಿನ ಬೇಸಾಯ, ಸಿಕ್ಕಿದ್ದು ಮಳೆಯನ್ನೇ ನಂಬಿದ ಹೊಲ. ಭತ್ತ, ಗೋವಿನಜೋಳ ಮನೆ ಸೇರಿದ ಮೇಲೆ ತಿಂಗಳುಗಟ್ಟಲೆ ಕೆಲಸವಿಲ್ಲ. ದೇಶದ ಬೇರೆ ಬೇರೆ ಕಡೆ ನೆಲೆಸಿದ್ದ ಟಿಬೆಟನ್ ಹೆಂಗಸರು ಅಷ್ಟರಲ್ಲಾಗಲೇ ಕೈಯಲ್ಲಿ ಹೆಣೆದದ್ದನ್ನು ರಸ್ತೆ ಬದಿಯಲ್ಲಿಟ್ಟು ಮಾರಿ ನೋಡಿದ್ದರು. ಭಾಷೆ ಬಾರದು, ಊರು ಗೊತ್ತಿಲ್ಲ. ಮಾರಾಟವಾಗದಿದ್ದರೆ ಗಂಟು ಕಟ್ಟಿ ಮುಂದಿನ ಊರು.

ಈ ಪ್ರಯೋಗ ಕಸುಬಾದದ್ದು ಪಂಜಾಬಿನ ಲೂಧಿಯಾನದ ಕಾರ್ಖಾನೆಗಳ ಸರಕು ಕೈಗೆ ಬಂದಾಗ. ಅಲ್ಲಿನ ಲಾಲಾಗಳು, ಅಂದರೆ ಸಗಟು ವರ್ತಕರು, ಸರಕನ್ನು ಉದ್ದರಿ ಕೊಟ್ಟರು. ಸೀಸನ್ ಮುಗಿದ ಮೇಲೆ ಲೆಕ್ಕ ಚುಕ್ತಾ. ಆಸ್ತಿಯಿಲ್ಲದ ನಿರಾಶ್ರಿತರಿಗೆ ಅಡಮಾನವಿಡಲು ಮಾತಲ್ಲದೆ ಇನ್ನೇನಿತ್ತು? ಒಂದು ವರ್ಷ ಬಾಕಿ ತೀರಿಸದಿದ್ದರೆ ಮರುವರ್ಷ ಸರಕಿಲ್ಲ. ಗಿರಾಕಿಯೂ ಹೋದ ವರ್ಷದ ಜಾಗಕ್ಕೇ ಬರುತ್ತಾನೆ. ಹಾಗಾಗಿ ಅಲೆದಾಟ ನಿಂತು, ಪ್ರತಿ ಚಳಿಗಾಲ ಅದೇ ನಗರ, ಅದೇ ಮೈದಾನ, ಬಾಡಿಗೆಯ ತಗಡಿನ ಮಳಿಗೆಗಳ ಸಾಲು. ಎಷ್ಟೋ ಕಡೆ 'ಒಂದೇ ದರ' ಎಂಬ ಫಲಕ ಬೇರೆ. ಚೌಕಾಸಿಯಿಲ್ಲದೆ ತರಕಾರಿಯನ್ನೂ ಕೊಳ್ಳದ ನಾವು ಆ ಫಲಕದೆದುರು ಸುಮ್ಮನಾಗುತ್ತೇವೆ!

ಅಂಗಡಿ ಕೊಳ್ಳುವುದನ್ನೇ ಮಾರುಕಟ್ಟೆಯಲ್ಲಿ ಬೇರೂರುವುದು ಎನ್ನುತ್ತೇವೆ. ನೋಂದಣಿ ಪತ್ರ ಹಿಡಿದ ನಿರಾಶ್ರಿತರಿಗೆ ಅದು ಸುಲಭವಿರಲಿಲ್ಲ. ವ್ಯಾಪಾರದ ಪರವಾನಗಿ ಕೊಡಬಹುದೆಂದು ಕೇಂದ್ರದ ಪುನರ್ವಸತಿ ನೀತಿ ಹೇಳಿದ್ದು 2014ರಲ್ಲಿ. ಅಲ್ಲಿಯತನಕ ಅವರ ಬೇರು ಇದ್ದದ್ದು ಲಾಲಾನ ಖಾತೆಪುಸ್ತಕದಲ್ಲಿ ಎಂದೇ ನನಗನಿಸುತ್ತದೆ.

ಆ ಬೇರಿಗೂ ಏಟು ಬಿದ್ದದ್ದುಂಟು. 2016ರ ನವೆಂಬರ್ 8ರಂದು ನೋಟು ರದ್ದಾದಾಗ ಸರಕು ಆಗಲೇ ಮಳಿಗೆಯಲ್ಲಿತ್ತು, ಗಿರಾಕಿಯ ಕೈಯಲ್ಲಿ ಚಿಲ್ಲರೆ ಇರಲಿಲ್ಲ. 2020ರಲ್ಲಿ ಕೊರೊನಾ. ಈಗ ಕ್ಯಾಂಪಿನ ಹುಡುಗರಲ್ಲಿ ಹಲವರ ಕಣ್ಣು ವಿದೇಶದ ಮೇಲೆ.

ಉಳಿದವರು ಚಳಿ ಇಳಿಯುತ್ತಿದ್ದಂತೆ ಮಳಿಗೆ ಬಿಚ್ಚಿ, ಲೂಧಿಯಾನದ ಬಾಕಿ ತೀರಿಸಿ, ತಮ್ಮ ಹೊಸವರ್ಷವಾದ ಲೋಸರ್ ಹಬ್ಬದ ಹೊತ್ತಿಗೆ ಮುಂಡಗೋಡದ ಬಿಸಿಲಿಗೆ ಮರಳುತ್ತಾರೆ.