ಎತ್ತರದ ಚೆಂಡು: ಕೈಗಿಂತ ಮೊದಲು ಕಣ್ಣು ಪಳಗಬೇಕು

2019ರ ಮಾರ್ಚ್ 17ರಂದು ಮುಂಬೈಯಲ್ಲಿ ನಡೆದ ಇಂಡಿಯನ್ ಸೂಪರ್ ಲೀಗ್ ಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿ ಮತ್ತು ಎಫ್‌ಸಿ ಗೋವಾ 90 ನಿಮಿಷ ಆಡಿದರೂ ಗೋಲು ಬರಲಿಲ್ಲ. ಹೆಚ್ಚುವರಿ ಅವಧಿ ಮುಗಿಯುತ್ತ ಬಂದಾಗ, ಕಾರ್ನರ್‌ನಿಂದ ತೇಲಿಬಂದ ಚೆಂಡನ್ನು ರಾಹುಲ್ ಭೇಕೆ ತಲೆಯಿಂದ ಗೋಲಿಗೆ ತಿರುಗಿಸಿದರು, ಕಪ್ ಬೆಂಗಳೂರಿನದಾಯಿತು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಬಳಿ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಇದೇ ತಂಡ ತಯಾರಿ ನಡೆಸಿದೆ. ಹಾಗಾಗಿ ಕುರುಗೋಡು, ಸಿರುಗುಪ್ಪ, ಬಳ್ಳಾರಿಯ ಮಕ್ಕಳಿಗೆ ದೊಡ್ಡ ಮಟ್ಟದ ಫುಟ್‌ಬಾಲ್ ಈಗ ದೂರದ ಮಾತಲ್ಲ. ಆದರೆ ಗೋಲ್‌ಕೀಪರ್‌ಗೆ ಎತ್ತರದ ಚೆಂಡು ಕಲಿಸುವ ಸಾಮಾನ್ಯ ಕ್ರಮ ಹಳೆಯದೇ: ಕೋಚ್ ಐದಾರು ಹೆಜ್ಜೆ ದೂರದಿಂದ ಕೈಯಲ್ಲೇ ಚೆಂಡು ಎಸೆಯುತ್ತಾರೆ, ಕೀಪರ್ ಯಾರ ಅಡ್ಡಿಯೂ ಇಲ್ಲದೆ ನೆಗೆದು ಹಿಡಿಯುತ್ತಾನೆ. ಇದರಿಂದ ಕೈ ಪಳಗುತ್ತದೆ. ಆದರೆ ಪಂದ್ಯದಲ್ಲಿ ಚೆಂಡು ಕೈತಪ್ಪುವುದಕ್ಕೆ ಕಾರಣ ಅನೇಕ ಸಲ ಅದು ಕೈಗೆ ಬರುವ ಮೊದಲೇ ಹುಟ್ಟಿರುತ್ತದೆ, ಕಣ್ಣಿನ ಅಂದಾಜಿನಲ್ಲಿ ಮತ್ತು ಕಾಲು ಹೊರಟ ಗಳಿಗೆಯಲ್ಲಿ. ಅಭ್ಯಾಸದ ಬಹುಪಾಲು ಹೊತ್ತು ಅಲ್ಲಿಗೇ ಸಲ್ಲಬೇಕು.

‘ಎತ್ತರದ ಚೆಂಡು ಎತ್ತರದ ಆಳಿಗೇ ಸಿಗುವುದು’ ಎಂಬ ಆಕ್ಷೇಪ ತಕ್ಷಣ ಬರುತ್ತದೆ. ಬೆಂಗಳೂರು ತಂಡದ ಗೋಲು ಕಾದ ಗುರ್‌ಪ್ರೀತ್ ಸಿಂಗ್ ಸಂಧು ಸುಮಾರು ಆರೂವರೆ ಅಡಿ ಎತ್ತರ. ಅದರ ಲಾಭ ಅವರಿಗೆ ಇದ್ದೇ ಇದೆ. ಆದರೂ ಲೆಕ್ಕ ಹಾಕಿ ನೋಡೋಣ. 1.85 ಮೀಟರ್ ಎತ್ತರದ ಫಾರ್ವರ್ಡ್ 60 ಸೆಂಟಿಮೀಟರ್ ನೆಗೆದರೂ ಅವನ ತಲೆ ತಲುಪುವುದು 2.45 ಮೀಟರಿಗೆ, ಅಂದರೆ ಸರಿಸುಮಾರು ಗೋಲಿನ ಅಡ್ಡಪಟ್ಟಿಯ ಮಟ್ಟಕ್ಕೆ. 1.75 ಮೀಟರಿನ ಕೀಪರ್ ಕೈ ಎತ್ತಿ ನಿಂತರೆ ಬೆರಳು 2.25 ಮೀಟರ್ ಆಸುಪಾಸಿನಲ್ಲಿರುತ್ತದೆ. 50 ಸೆಂಟಿಮೀಟರ್ ನೆಗೆದರೆ 2.75. ಸಾಧಾರಣ ಎತ್ತರದ ಕೀಪರ್‌ಗೂ ಒಂದಡಿ ಮೇಲುಗೈ ಇದೆ, ಸರಿಯಾದ ಜಾಗಕ್ಕೆ ಸರಿಯಾದ ಹೊತ್ತಿಗೆ ತಲುಪಿದ್ದರೆ ಮಾತ್ರ.

ಆ ಜಾಗ ಕಣ್ಣಿಗೆ ಗೊತ್ತಾಗುವುದು ಹೇಗೆ? ಐದು ಮೀಟರ್ ಎತ್ತರಕ್ಕೇರಿ ಇಳಿಯುವ ಕ್ರಾಸ್, ಅಂದರೆ ಬದಿಯಿಂದ ಗೋಲಿನತ್ತ ಎತ್ತಿ ಒದ್ದ ಚೆಂಡು, ಕೀಪರ್‌ನ ಕೈಮಟ್ಟ ಮುಟ್ಟಲು ಸುಮಾರು 1.7 ಸೆಕೆಂಡ್ ಸಾಕು. ಅಷ್ಟರೊಳಗೆ ಮೆದುಳು ಗಣಿತ ಮಾಡುತ್ತ ಕೂರುವುದಿಲ್ಲ. ಬೇಸ್‌ಬಾಲ್ ಫೀಲ್ಡರುಗಳ ವಿಷಯದಲ್ಲಿ 1968ರಲ್ಲಿ ಚಾಪ್ಮನ್ ಎಂಬ ವಿಜ್ಞಾನಿ ತೋರಿಸಿಕೊಟ್ಟ ದಾರಿ ಸರಳ. ನಮ್ಮತ್ತ ಬರುವ ಚೆಂಡು ಕಣ್ಣಿಗೆ ಒಂದೇ ಸಮನೆ ಮೇಲೇರುತ್ತಿದ್ದರೆ ನಾವು ಸರಿಯಾದ ಜಾಗದಲ್ಲಿದ್ದೇವೆ. ಏರಿಕೆ ಚುರುಕಾಗುತ್ತಿದ್ದರೆ ಅದು ತಲೆಯ ಮೇಲೆ ಹಾರಿಹೋಗುತ್ತದೆ, ಹಿಂದೆ ಸರಿಯಬೇಕು. ಮಂದವಾಗುತ್ತಿದ್ದರೆ ಮುಂದೆ ಬೀಳುತ್ತದೆ, ಓಡಬೇಕು. ಫೀಲ್ಡರ್ ಬೀಳುವ ಜಾಗವನ್ನು ಮೊದಲೇ ಲೆಕ್ಕಹಾಕಿ ಅಲ್ಲಿಗೆ ಓಡಿ ಕಾಯುವುದಿಲ್ಲ, ಓಡುತ್ತಲೇ ತಿದ್ದಿಕೊಳ್ಳುತ್ತಾನೆ ಎಂಬುದನ್ನು 1993ರಲ್ಲಿ ಮೆಕ್ಲಿಯಾಡ್ ಮತ್ತು ಡೀನಿಸ್ ಪರೀಕ್ಷಿಸಿ ಕಂಡುಕೊಂಡರು. ಐದು ಹೆಜ್ಜೆಯಿಂದ ಎಸೆದ ಚೆಂಡು ಈ ತಿದ್ದುಪಡಿಗೆ ಅವಕಾಶವನ್ನೇ ಕೊಡುವುದಿಲ್ಲ. ಮೇಲಾಗಿ, ಕಾಲಿನಿಂದ ಒದ್ದ ಕ್ರಾಸ್ ಗಿರಗಿರನೆ ತಿರುಗುತ್ತ ಗಾಳಿಯಲ್ಲಿ ಬಾಗುತ್ತದೆ. ಇಂಥ ಬಾಗುವ ಚೆಂಡು ಎಲ್ಲಿಗೆ ಹೋಗುತ್ತದೆಂದು ಊಹಿಸುವುದರಲ್ಲಿ ವೃತ್ತಿಪರ ಆಟಗಾರರೂ ಕೀಪರ್‌ಗಳೂ ಎಡವಿದ್ದನ್ನು ಕ್ಯಾಥಿ ಕ್ರೇಗ್ ಮತ್ತು ಸಂಗಡಿಗರು 2006ರಲ್ಲಿ ವರದಿ ಮಾಡಿದರು. ಅನುಭವಿಗಳ ಪಾಡೇ ಹೀಗಿರುವಾಗ, ಬೇಗ ಊಹಿಸಿ ಹೊರಡು ಎನ್ನುವುದಕ್ಕಿಂತ ಒಂದು ಕ್ಷಣ ತಡೆದು, ನೋಡಿ, ಆಮೇಲೆ ರಭಸದಿಂದ ಹೊರಡು ಎಂದು ಕಲಿಸುವುದೇ ಸರಿ.

ತಡವಾದರೆ ಕೆಟ್ಟಿತಲ್ಲ ಎಂದು ಕೇಳಬಹುದು. 50 ಸೆಂಟಿಮೀಟರ್ ನೆಗೆತದಲ್ಲಿ ಗಾಳಿಯಲ್ಲಿರುವ ಹೊತ್ತು 0.64 ಸೆಕೆಂಡ್; ಅದರಲ್ಲಿ ಅರ್ಧದಷ್ಟು ಹೊತ್ತು ದೇಹ ಮೇಲಿನ ಕಾಲುಭಾಗದಲ್ಲೇ ಇರುತ್ತದೆ. ಅಂದರೆ ನೆಗೆತದ ಹೊತ್ತು ಸ್ವಲ್ಪ ಆಚೀಚೆಯಾದರೂ ಪ್ರಕೃತಿ ಕ್ಷಮಿಸುತ್ತದೆ. ಜಾಗ ತಪ್ಪಿದರೆ ಕ್ಷಮೆಯಿಲ್ಲ: ಸೆಕೆಂಡಿಗೆ 15 ಮೀಟರ್ ಸಾಗುವ ಚೆಂಡು ಹತ್ತನೇ ಒಂದು ಸೆಕೆಂಡಿನಲ್ಲಿ ಒಂದೂವರೆ ಮೀಟರ್ ದಾಟಿರುತ್ತದೆ. ಒಂದೇ ಕಾಲಿನಿಂದ ಚಿಮ್ಮಿ ಇನ್ನೊಂದು ಮೊಣಕಾಲು ಎತ್ತುವುದನ್ನು ಓಟದೊಂದಿಗೇ ಬೆಸೆದು ಕಲಿಸಬೇಕು ಎನ್ನುವುದು ಇದಕ್ಕೇ. ಹಿಡಿತದ ಮಾತು ಚಿಕ್ಕದು. ಸುಮಾರು 430 ಗ್ರಾಂ ತೂಕದ ಆ ಚೆಂಡನ್ನು ಬಿಗಿದ ಕೈಗಳಿಂದ 0.02 ಸೆಕೆಂಡಿನಲ್ಲಿ ನಿಲ್ಲಿಸಹೊರಟರೆ ಬೀಳುವ ಒತ್ತಡ 33 ಕಿಲೋ ಭಾರಕ್ಕೆ ಸಮ; ಮೊಣಕೈ ಮಡಚುತ್ತ 0.05 ಸೆಕೆಂಡು ತೆಗೆದುಕೊಂಡರೆ 13 ಕಿಲೋಗೆ ಇಳಿಯುತ್ತದೆ.

ಕೋಚ್‌ಗಳ ಕಡೆಯಿಂದ ಬರುವ ಬಲವಾದ ಆಕ್ಷೇಪವೆಂದರೆ, ಬೇರೆ ಬೇರೆ ಬಗೆಯ ಕ್ರಾಸ್‌ಗಳನ್ನು ಬೆರೆಸಿದರೆ ಮಕ್ಕಳು ಪದೇ ಪದೇ ಬಿಟ್ಟು ಧೈರ್ಯ ಕಳೆದುಕೊಳ್ಳುತ್ತಾರೆ ಎಂಬುದು. ಇದು ನಿಜ, ಅಭ್ಯಾಸದ ದಿನ. ಶಿಯಾ ಮತ್ತು ಮಾರ್ಗನ್ 1979ರಲ್ಲಿ ನಡೆಸಿದ ಪ್ರಯೋಗದಲ್ಲಿ ಕೈಚಲನೆಗಳನ್ನು ಒಂದಾದ ಮೇಲೊಂದು ಕಲಿತವರು ಆ ಹೊತ್ತಿಗೆ ಮುಂದಿದ್ದರು. ಕಲಸಿ ಕಲಿತವರು ದಿನಗಳ ನಂತರದ ಪರೀಕ್ಷೆಯಲ್ಲಿ ಗೆದ್ದರು. ಅದು ಪ್ರಯೋಗಾಲಯದ ಚಿಕ್ಕ ಕೆಲಸ, ಮೈದಾನಕ್ಕೆ ಪೂರ್ತಿ ಅನ್ವಯಿಸಲಾಗದು. ಹೊಸಬರಿಗೆ ಮೊದಲು ಕೈಯೆಸೆತವೇ ಇರಲಿ ಎನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಹಿಡಿತ ಕುದುರಿದ ಮೇಲೂ ಅಲ್ಲೇ ಉಳಿಯುವುದು ಕೀಪರ್‌ಗೆ ಮಾಡುವ ಅನ್ಯಾಯ. ಮುಂದಿನ ಹಂತಕ್ಕೆ ಹಣವೂ ಬೇಡ. ಕುರುಗೋಡಿನ ಶಾಲಾ ಮೈದಾನದಲ್ಲಿ ಬಲಗಾಲಿನವನೊಬ್ಬ, ಎಡಗಾಲಿನವನೊಬ್ಬ ಎರಡೂ ಬದಿಯಿಂದ ಒದೆಯಲಿ. ಹತ್ತಿರದ ಕಂಬ, ದೂರದ ಕಂಬ, ಎಲ್ಲಿಗೆ ಎಂದು ಮೊದಲೇ ಹೇಳದಿರಲಿ. ಕೀಪರ್ ಮೈದಾನಕ್ಕೆ ಓರೆಯಾಗಿ ನಿಂತು ಒದೆಯುವವನನ್ನೂ ಗುಂಪನ್ನೂ ಒಟ್ಟಿಗೆ ಕಾಣಲಿ. ಮೊದಲ ವಾರಗಳಲ್ಲಿ ಎದುರಾಳಿಗಳು ನೆಗೆಯದೆ ದಾರಿಗೆ ಅಡ್ಡ ನಿಂತರೆ ಸಾಕು, ತಲೆಗೆ ತಲೆ ಬಡಿಯುವ ಅಪಾಯ ತಪ್ಪುತ್ತದೆ. ಗಾಳಿ ಬೀಸುವ ಸಂಜೆ ಈ ಅಭ್ಯಾಸವನ್ನು ಮುಂದೂಡುವುದು ಬೇಡ; ಎರಡೂ ಕೈಗೆ ಎಟುಕದ ಚೆಂಡನ್ನು ಹಿಡಿಯದೆ ಮುಷ್ಟಿಯಿಂದ ದೂರಕ್ಕೆ, ಅಂಚಿನ ಕಡೆಗೆ ಗುದ್ದುವ ನಿರ್ಧಾರ ಕಲಿಯಲು ಅಂಥ ಸಂಜೆಯೇ ಅನುಕೂಲ.