ಹಳೆಯ ಕಾರಿಗೂ ಕೀಲೆಣ್ಣೆ ಬೇಕು

ಬಂಕಾಪುರವೆಂದೊಡನೆ ಇತಿಹಾಸಪ್ರಿಯರಿಗೆ ರಾಷ್ಟ್ರಕೂಟ ಅಮೋಘವರ್ಷನ ದಂಡನಾಯಕ ಬಂಕೇಯನೂ ಕೋಟೆಯೊಳಗಿನ ನಗರೇಶ್ವರ ದೇವಾಲಯದ ಕಂಬಗಳ ಸಾಲೂ ನೆನಪಾಗುತ್ತವೆ. ರೈತನಿಗಾದರೋ ನೆನಪಾಗುವುದು ಅಲ್ಲಿಯ ಖಿಲಾರಿ ದನಗಳ ತಳಿ ಕೇಂದ್ರ. ಖಿಲಾರಿ ಎತ್ತುಗಳ ಚಕ್ಕಡಿಯನ್ನು ದೂರದ ಸಂತೆಗೆ ಹೊರಡಿಸುವ ಮುನ್ನ ಅಚ್ಚಿಗೆ ಕೀಲೆಣ್ಣೆ ಹಾಕಬೇಕೆಂಬುದನ್ನು ಈ ಸೀಮೆಯ ಒಕ್ಕಲುಮನೆಗಳಲ್ಲಿ ಯಾರೂ ಯಾರಿಗೂ ಬೋಧಿಸಬೇಕಾಗಿರಲಿಲ್ಲ. ಗಾಲಿ ಕಿರುಗುಟ್ಟಿತೆಂದರೆ ಗಾಡಿ ಏನೋ ಹೇಳುತ್ತಿದೆ ಎಂದೇ ಅರ್ಥ. ಎಣ್ಣೆ ಕಾಣದ ಅಚ್ಚು ಸವೆಯುವುದು, ಸವೆದ ಅಚ್ಚು ನಡುದಾರಿಯಲ್ಲಿ ಕೈಕೊಡುವುದು ಎಲ್ಲರೂ ಬಲ್ಲ ಸಂಗತಿ.

ಊರಿನ ಪೂರ್ವಕ್ಕೆ ಸ್ವಲ್ಪ ದೂರದಲ್ಲೇ ಪುಣೆ–ಬೆಂಗಳೂರು ಹೆದ್ದಾರಿ ಹಾದುಹೋಗುತ್ತದೆ. ಹಿಂದೆ ರಾಷ್ಟ್ರೀಯ ಹೆದ್ದಾರಿ 4 ಎನಿಸಿಕೊಂಡಿದ್ದು ಈಗ 48ನೆಯ ಸಂಖ್ಯೆಯನ್ನು ಹೊತ್ತ ಈ ದಾರಿಯಲ್ಲಿ ಹಗಲಿರುಳು ಲಾರಿಗಳ ಸಾಲು. ಹೊಸ ಹೊಸ ಕಾರುಗಳ ನಡುವೆ ಒಮ್ಮೊಮ್ಮೆ ಒಂದು ಅಂಬಾಸಿಡರ್, ಇಲ್ಲವೆ ಒಂದು ಪ್ರೀಮಿಯರ್ ಪದ್ಮಿನಿ ಗಂಭೀರವಾಗಿ ಸಾಗುವುದುಂಟು. ತಂದೆ ಕೊಂಡ ಕಾರನ್ನು ಮಗ ಮಾರಲೊಲ್ಲ, ಅಭಿಮಾನ ಸಹಜ. ಆದರೆ ಹೊರಮೈಗೆ ಬಣ್ಣ ಬಳಿಸಿ, ಇಂಜಿನ್ನಿನ ಸದ್ದಿಗೆ ಹಿಗ್ಗುವ ಒಡೆಯರಲ್ಲಿ ಎಷ್ಟೋ ಮಂದಿ ಗಾಡಿಯ ಕೀಲುಗಳನ್ನು ಮರೆತಿರುತ್ತಾರೆ. ಇಂಜಿನ್ ಕೆಟ್ಟರೆ ಕಾರು ರಸ್ತೆಯ ಬದಿಗೆ ನಿಂತೀತು. ಸ್ಟಿಯರಿಂಗ್ ಕೆಟ್ಟರೆ ಕಾರು ನಿಲ್ಲುವುದಿಲ್ಲ, ದಿಕ್ಕು ತಪ್ಪುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿನಲ್ಲಿ 22 ಮೀಟರ್ ಕ್ರಮಿಸುತ್ತದೆ. ಅದರ ದಿಕ್ಕು ಒಂದೇ ಒಂದು ಡಿಗ್ರಿ ತಪ್ಪಿದರೂ 100 ಮೀಟರ್ ಮುಗಿಯುವಷ್ಟರಲ್ಲಿ ಒಂದೂಮುಕ್ಕಾಲು ಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಪಕ್ಕದಲ್ಲಿ ಲಾರಿಯಿದ್ದರೆ ಅಷ್ಟೇ ಸಾಕು.

ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರನ್ನು ಮೂಲವಾಗಿಟ್ಟುಕೊಂಡು ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆ 1950ರ ದಶಕದ ಕೊನೆಯಲ್ಲಿ ಹೊರತಂದ ಅಂಬಾಸಿಡರ್, ಬಂಗಾಳದ ಉತ್ತರಪಾಡಾದ ಕಾರ್ಖಾನೆಯಿಂದ 2014ರವರೆಗೂ ಬರುತ್ತಿತ್ತು. ಅದರ ಹಳೆಯ ಮಾದರಿಗಳ ರಚನೆ ಕುತೂಹಲಕರ. ಚಾಲಕ ಚಕ್ರವನ್ನು ತಿರುಗಿಸಿದಾಗ ಕಂಬದ ತುದಿಯ ಪುಟ್ಟ ಹಲ್ಲುಗಾಲಿಯೊಂದು ಉದ್ದನೆಯ ಹಲ್ಲುಪಟ್ಟಿಯನ್ನು ಎಡಕ್ಕೋ ಬಲಕ್ಕೋ ಸರಿಸುತ್ತದೆ. ಪಟ್ಟಿಯ ಎರಡು ತುದಿಗಳ ಟೈ ರಾಡುಗಳು ಮುಂದಿನ ಗಾಲಿಗಳನ್ನು ಹೊರಳಿಸುತ್ತವೆ. ಮುಂಭಾಗದ ಭಾರವನ್ನು ಹೊರುವುದು ಉದ್ದನೆಯ ಉಕ್ಕಿನ ಸಲಾಕೆಗಳು; ಗಾಲಿ ಗುಂಡಿಗಿಳಿದೆದ್ದಾಗ ಅವು ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಂಡು ಮರಳಿ ನೆಟ್ಟಗಾಗುತ್ತವೆ. ಹಿಂಭಾಗದಲ್ಲಿ ಕಮಾನಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು. ಪದ್ಮಿನಿಯಲ್ಲಿ ಸಲಾಕೆಯ ಬದಲು ಸುರುಳಿ ಸ್ಪ್ರಿಂಗು. ಹಿಂದೆ ಅದಕ್ಕೂ ಪಟ್ಟಿಗಳೇ.

ಈ ಗಾಡಿಗಳಲ್ಲಿ ಗಾಲಿ ಹೊರಳುವ ಕೀಲುಗಳಿಗೆ ಗ್ರೀಸ್ ಊಡಿಸಲು ಪುಟ್ಟ ಮೊಲೆಯಂಥ ನಿಪ್ಪಲುಗಳಿವೆ. ಒಳಗೆ ಗ್ರೀಸ್ ಒಣಗಿ ಧೂಳು ಸೇರಿತೆಂದರೆ ಅದು ಅರದಂತೆ ಲೋಹವನ್ನು ತಿನ್ನತೊಡಗುತ್ತದೆ. ಈ ಸವೆತ ಮಿತಿಮೀರಿದಾಗ ಕೀಲು ಕಳಚಿ, ಗಾಲಿ ಗಾಡಿಯಡಿಗೆ ಮಡಚಿಕೊಳ್ಳುವ ಅಪಾಯವುಂಟು. ಗ್ರೀಸಿನ ಬೆಲೆಯೆಷ್ಟು, ಪ್ರಾಣದ ಬೆಲೆಯೆಷ್ಟು! ತಯಾರಕರ ಕೈಪಿಡಿ ಹೇಳಿದ ಅವಧಿಗೆ ತಪ್ಪದೆ, ಗಾಲಿಯ ಮೇಲಿನ ಭಾರವನ್ನು ಇಳಿಸಿ, ಕೊಳೆತ ಗ್ರೀಸ್ ಹೊರಬಂದು ಹೊಸದು ಇಣುಕುವವರೆಗೆ ಗನ್ನನ್ನು ಒತ್ತಬೇಕು. ನೀರು ತುಂಬಿದ ರಸ್ತೆಯಲ್ಲಿ ಓಡಿದ ಮೇಲಂತೂ ಅವಧಿಗಾಗಿ ಕಾಯುವುದು ಸಲ್ಲದು.

ಕೀಲು ಮುರಿಯುವ ಮುನ್ನ ಬಹುಮಟ್ಟಿಗೆ ಎಚ್ಚರಿಕೆ ಕೊಡುತ್ತದೆ. ಗುಂಡಿಯಲ್ಲಿ ಟಕ್ಕೆನ್ನುವ ಸದ್ದು, ಕೈಗೆ ಬರುವ ನಡುಕ, ಒಂದು ಕಡೆಗೇ ಎಳೆತ, ಟೈರಿನ ಒಂದಂಚು ಮಾತ್ರ ಬೋಳಾಗುವುದು, ಇವೆಲ್ಲ ಅದರ ಭಾಷೆ. ಕಾರಿನ ಒಂದು ಮೂಲೆಯನ್ನು ಬಲವಾಗಿ ಅದುಮಿ ಬಿಟ್ಟಾಗ ಅದು ಒಮ್ಮೆ ಎದ್ದು ನೆಲೆಗೊಳ್ಳಬೇಕು. ತೊಟ್ಟಿಲಿನಂತೆ ತೂಗುತ್ತಿದ್ದರೆ ಶಾಕ್ ಅಬ್ಸಾರ್ಬರ್ ಸೋತಿದೆ ಎಂದು ತಿಳಿಯಬೇಕು. ಗಾಡಿ ನಿಂತಿರುವಾಗ ಸ್ಟಿಯರಿಂಗ್ ಚಕ್ರವನ್ನು ಮೆಲ್ಲನೆ ಅಲುಗಿಸಿದರೆ ಗಾಲಿ ಹೊರಳುವ ಮುನ್ನ ಕೊಂಚ ಸಡಿಲ ಕಂಡೀತು. ಹಲ್ಲುಪಟ್ಟಿಯ ಗಾಡಿಗೆ ಬ್ರಿಟನ್ನಿನ ವಾಹನ ಪರೀಕ್ಷೆ ಇರಿಸಿರುವ ಮಿತಿ, 380 ಮಿಲಿಮೀಟರ್ ವ್ಯಾಸದ ಚಕ್ರದ ಅಂಚಿನಲ್ಲಿ 13 ಮಿಲಿಮೀಟರ್ ಮಾತ್ರ.

ಮುಂದಿನ ಗಾಲಿಯನ್ನು ಜಾಕಿನಿಂದೆತ್ತಿ, ಭದ್ರವಾದ ಆಧಾರದ ಮೇಲೆ ಇಳಿಸಿದ ಬಳಿಕ ಇನ್ನೊಂದು ಪರೀಕ್ಷೆ. ಗಾಲಿಯ ನೆತ್ತಿಯನ್ನೂ ಬುಡವನ್ನೂ ಹಿಡಿದು ಅಲುಗಿಸಬೇಕು. ಲೊಡಲೊಡ ಎಂದರೆ ಮತ್ತೊಬ್ಬರು ಬ್ರೇಕನ್ನು ಒತ್ತಲಿ: ಆಗ ಸಡಿಲ ಮಾಯವಾದರೆ ದೋಷ ಬೇರಿಂಗಿನದು, ಉಳಿದರೆ ಹೊರಳುಗೀಲಿನದು. ಎಡಬಲಗಳನ್ನು ಹಿಡಿದಾಗ ಮಾತ್ರ ಅಲುಗಿದರೆ ಟೈ ರಾಡಿನ ತುದಿಗಳನ್ನು ಶಂಕಿಸಬೇಕು. ಹಲ್ಲುಪಟ್ಟಿಯ ಎರಡೂ ಕಡೆಯ ರಬ್ಬರು ಚೀಲಗಳು ಹರಿದಿವೆಯೇ ಎಂಬುದನ್ನೂ ನೋಡಬೇಕು. ಹರಿದ ಚೀಲದೊಳಗೆ ನುಗ್ಗಿದ ಮಣ್ಣುನೀರು ಹಲ್ಲುಗಳನ್ನೇ ಅರೆಯುತ್ತದೆ.

ನೋಡುವುದು ಒಡೆಯನ ಕೆಲಸ, ಬಿಚ್ಚುವುದು ನುರಿತ ಮೆಕ್ಯಾನಿಕನ ಕೆಲಸ. ತಿರುಚಿದ ಸಲಾಕೆಯಲ್ಲಿಯೂ ಒತ್ತಿದ ಸುರುಳಿಯಲ್ಲಿಯೂ ಅಡಗಿರುವ ಶಕ್ತಿ ಅಸಾಧಾರಣ. ಅರಿಯದೆ ಬೋಲ್ಟು ಸಡಿಲಿಸಿದವನ ಕೈಯನ್ನು ಅದು ಉಳಿಸದು. ಬರಿಯ ಜಾಕನ್ನು ನಂಬಿ ಗಾಡಿಯಡಿಗೆ ನುಸುಳುವುದಂತೂ ಮೃತ್ಯುವನ್ನು ಕರೆದಂತೆ. ರಿಪೇರಿಯಲ್ಲಿ ಕೆಲವು ನಿಯಮಗಳನ್ನು ಒಡೆಯನೂ ತಿಳಿದಿರಬೇಕು. ಪಟ್ಟಿ ಸ್ಪ್ರಿಂಗನ್ನು ಬದಲಿಸಿದರೆ ಎರಡೂ ಕಡೆ ಬದಲಿಸಬೇಕು. ನಟ್ಟು ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ನು ಪ್ರತಿಸಲವೂ ಹೊಸದಾಗಿರಬೇಕು. ಸವೆದ ಕೀಲುಗಳನ್ನು ಹಾಗೆಯೇ ಬಿಟ್ಟು ಅಲೈನ್‌ಮೆಂಟ್ ಮಾಡಿಸುವುದು ಅಲುಗುವ ಗೋಡೆಗೆ ಸುಣ್ಣ ಹೊಡೆಸಿದಂತೆ. ಮೊದಲು ಕೀಲು, ಕೊನೆಗೆ ಅಲೈನ್‌ಮೆಂಟ್. ಕಾರ್ಖಾನೆಗಳು ಮುಚ್ಚಿದ ಮೇಲೆ ಬಿಡಿಭಾಗಗಳಿಗಾಗಿ ಅಲೆಯಬೇಕಾಗುವುದು ನಿಜ. ಆದರೂ ಅಳತೆ ಹೊಂದದ ಅಗ್ಗದ ಭಾಗವನ್ನು ಬಡಿದು ಕೂರಿಸುವುದಕ್ಕಿಂತ, ತಕ್ಕದ್ದು ದೊರೆಯುವವರೆಗೆ ಕಾರನ್ನು ಮನೆಯಲ್ಲೇ ನಿಲ್ಲಿಸುವುದು ವಿವೇಕ.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಹಿಡಿಯಬಾರದೆಂಬುದು ಹಿರಿಯರ ನುಡಿ. ಹಳೆಯ ಕಾರಿನ ವಿಷಯದಲ್ಲಿ ಆ ಉಗುರು ಗ್ರೀಸ್ ಗನ್ನು, ಆ ಕೊಡಲಿ ಗ್ಯಾರೇಜಿನ ಬಿಲ್ಲು, ಇಲ್ಲವೆ ಅದಕ್ಕಿಂತ ಘೋರವಾದದ್ದು. 1988ರ ಮೋಟಾರು ವಾಹನ ಕಾಯಿದೆಯಂತೆ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಬಳಿಕ ಗಾಡಿಯನ್ನು ಪರೀಕ್ಷೆಗೊಡ್ಡಿ ಮತ್ತೆ ನವೀಕರಿಸಿಕೊಳ್ಳಬೇಕು. ಆದರೆ ಪರೀಕ್ಷಕರು ಕೊಡುವ ಪತ್ರ ಆ ಒಂದು ದಿನದ ಸ್ಥಿತಿಗೆ ಸಾಕ್ಷಿ. ಉಳಿದ ದಿನಗಳಲ್ಲಿ ಹಿಂದಿನ ಆಸನದಲ್ಲಿ ಕುಳಿತ ಮಡದಿ ಮಕ್ಕಳಿಗೆ, ಎದುರಿನಿಂದ ಬರುವ ಅಪರಿಚಿತರಿಗೆ ಹೊಣೆ ಒಡೆಯನೊಬ್ಬನೇ. ತಂದೆಯ ಕಾರನ್ನು ಉಳಿಸಿಕೊಳ್ಳಬೇಕೆಂಬ ಪ್ರೀತಿ ಬಣ್ಣದ ಹೊಳಪಿನಲ್ಲಿ ಕಾಣದಿದ್ದರೂ ಚಿಂತೆಯಿಲ್ಲ. ಗಾಡಿಯಡಿಗೆ ಬಗ್ಗಿ ನೋಡಿದವರಿಗೆ ಅದರ ಕೀಲುಗಳಲ್ಲಿ ಕಾಣಬೇಕು.